ವಿಜ್ಞಾನ ತರಗತಿಗೂ ಬೇಕು ಹಳಕಟ್ಟಿ

ತಿರುಮಣಿಯಲ್ಲಿ ಬೋಧನಾಭ್ಯಾಸದಲ್ಲಿದ್ದಾಗ, ಕನ್ನಡ ಶಿಕ್ಷಕರು ರಜೆಯಲ್ಲಿದ್ದ ಒಂದು ಅವಧಿಗೆ ವಿಜ್ಞಾನದ ಪ್ರಶಿಕ್ಷಣಾರ್ಥಿಯಾದ ನಾನು ಹೋದೆ. ಫ.ಗು. ಹಳಕಟ್ಟಿ ವಕೀಲರು, 'ವಚನ ಪಿತಾಮಹ' ಎಂದಷ್ಟೇ ಹೇಳಿ ಮುಗಿಸಿದೆ. ಎಂಟನೆಯ ತರಗತಿಯ ಹುಡುಗನೊಬ್ಬ ಕೇಳಿದ: "ಮಿಸ್, ಲಾಯರ್ ಆಗಿದ್ದವರು ವಚನ ಯಾಕೆ ಹುಡುಕಿದ್ರು?" ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಓದಿದೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದರು. ಮನೆ, ಮಠಗಳಲ್ಲಿ ಪೂಜೆಗಷ್ಟೇ ಉಳಿದಿದ್ದ ತಾಳೆಗರಿ ಕಟ್ಟುಗಳನ್ನು ಹುಡುಕಿ, ಪ್ರತಿ ಮಾಡಿ, ವಚನಗಳನ್ನು ವಿಷಯವಾರು ಜೋಡಿಸಿದರು. 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗ ಬಂತು. ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಯಾರೂ ಓದದಿದ್ದರೆ ಇವು ಅಳಿಯುತ್ತವೆ ಎಂಬುದೇ ಹುಡುಗನ ಪ್ರಶ್ನೆಗೆ ಉತ್ತರ.

ಹುಡುಕು, ದಾಖಲಿಸು, ವಿಂಗಡಿಸು, ಪ್ರಕಟಿಸು: ನಾವು ವಿಜ್ಞಾನದಲ್ಲಿ ಕಲಿಸುವುದೂ ಇದನ್ನೇ. ಬಿರುದನ್ನು ಬಾಯಿಪಾಠ ಮಾಡಿಸುವ ಬದಲು ಈ ಕೆಲಸದ ರೀತಿಯನ್ನು ಮಕ್ಕಳಿಂದ ಮಾಡಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮರುವಾರ, ಮನೆಯ ಹಿರಿಯರಿಂದ ಮಳೆ, ಬೆಳೆಯ ಗಾದೆಗಳನ್ನು ಬರೆದು ತರಲು ಹೇಳಿದೆ. ಹೇಳಿದವರು ಯಾರು ಎಂಬುದೂ ಇರಬೇಕು. "ನಮ್ಮಜ್ಜಿ ತೆಲುಗಲ್ಲಿ ಹೇಳ್ತಾರೆ ಮಿಸ್" ಎಂದು ಅದೇ ಹುಡುಗ ಹಿಂಜರಿದ. ಗಡಿಯ ಊರು, ಹಾಗೇ ತಾ ಎಂದೆ. ಮೂರು ತಂದ. ಇಲ್ಲಿನ ಎಷ್ಟೋ ಹೊಲಗಳಲ್ಲಿ ಈಗ ಸೌರಫಲಕಗಳಿವೆ. ಆ ಹೊಲ ಉತ್ತವರ ಮಾತನ್ನು ಬರೆದಿಡದಿದ್ದರೆ ಅದೂ ಹೋಗುತ್ತದೆ.

ನಮ್ಮ ಪಾಠಯೋಜನೆಯಲ್ಲಿ ಇಂಥ ಚಟುವಟಿಕೆಗೆ, ಯಾವ ವಿಷಯದವರಿಗೇ ಆಗಲಿ, ಒಂದು ಅವಧಿ ಸಿಗಲಿ.