ದೂರದ ಹೊಡೆತ, ಹತ್ತಿರದ ಕುಳಿ

ಕೂಡ್ಲಿಗಿ, ಕೊಟ್ಟೂರು, ಹಡಗಲಿಯ ಕಡೆಯ ಬಯಲುಗಳಲ್ಲಿ ಚಿಣ್ಣಿದಾಂಡು ಆಡಿ ಬೆಳೆದವರಿಗೆ ಒಂದು ಲೆಕ್ಕ ಬಾಯಿಪಾಠವಾಗಿರುತ್ತದೆ. ಚಿಣ್ಣಿ ಹಾರಿದ ದೂರವನ್ನು ದಾಂಡಿನಿಂದಲೇ ಅಳೆಯಬೇಕು. ಆ ಅಳತೆಯೇ ಆಟಗಾರನ ಗಳಿಕೆ. ಗಾಲ್ಫ್ ಆಟದಲ್ಲಿಯೂ ಕೋಲುಂಟು, ಬಯಲುಂಟು. ಲೆಕ್ಕ ಮಾತ್ರ ತಲೆಕೆಳಗು. ಅಲ್ಲಿ ಎಣಿಸುವುದು ದೂರವನ್ನಲ್ಲ, ಹೊಡೆತಗಳನ್ನು. 250 ಗಜ ಹಾರಿದ ಚೆಂಡಿಗೂ ಒಂದೇ ಹೊಡೆತ. 4¼ ಅಂಗುಲ ಅಗಲದ ಕುಳಿಯ ಅಂಚಿನಿಂದ ಮೆಲ್ಲನೆ ನೂಕಿದ ಚೆಂಡಿಗೂ ಒಂದೇ ಹೊಡೆತ. ಎಲ್ಲರಿಗಿಂತ ಕಡಿಮೆ ಹೊಡೆದವರೇ ಗೆದ್ದವರು.

ಹಾಗಾದರೆ ತೋಳ್ಬಲಕ್ಕೆ ಬೆಲೆಯಿಲ್ಲವೆ? ಇಲ್ಲವೆಂದು ಸಮಾಧಾನಪಟ್ಟುಕೊಳ್ಳುವವರು ಬಹಳ. ಅವರಲ್ಲಿ ಹೆಚ್ಚಿನವರು ದೂರ ಹೊಡೆಯಲಾರದವರೆಂಬುದು ಬೇರೆಯ ಮಾತು. ಕೊಲಂಬಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿಯವರು ವೃತ್ತಿನಿರತರ ಅಸಂಖ್ಯಾತ ಹೊಡೆತಗಳನ್ನು ಪರಿಶೀಲಿಸಿ 2014ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಉತ್ತಮ ಆಟಗಾರರಿಗೂ ಉಳಿದವರಿಗೂ ಇರುವ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು 100 ಗಜಕ್ಕಿಂತ ಆಚೆಯಿಂದ ಹೊಡೆದ ಹೊಡೆತಗಳಲ್ಲಿಯೇ ಅಡಗಿದೆ ಎಂಬುದು ಅವರ ನಿರ್ಣಯ. ಮೊದಲ ಹೊಡೆತ ದೂರ ಹೋದಷ್ಟೂ ಎರಡನೆಯದನ್ನು ಹತ್ತಿರದಿಂದ ಹೊಡೆಯಬಹುದು. ಹತ್ತಿರದಿಂದ ಹೊಡೆದ ಚೆಂಡು ಕುಳಿಯ ಸಮೀಪಕ್ಕೆ ಬಂದು ನಿಲ್ಲುತ್ತದೆ. ದೂರಕ್ಕೆ ನೇರವಾದ ಅಂಕವಿಲ್ಲ, ಆದರೆ ಬಡ್ಡಿಯುಂಟು.

ಆ ಬಡ್ಡಿಯಿಲ್ಲದೆಯೇ ವ್ಯಾಪಾರ ನಡೆಸಿದವರು ಬೆಂಗಳೂರಿನ ಅದಿತಿ ಅಶೋಕ್. 2021ರಲ್ಲಿ ಜರುಗಿದ ಟೋಕಿಯೊ ಒಲಿಂಪಿಕ್ಸ್‌ಗೆ ಬಂದಾಗ ಅವರಿಗೆ 23 ವರ್ಷ. ವಿಶ್ವದ ಪಟ್ಟಿಯಲ್ಲಿ 200ನೆಯ ಸ್ಥಾನ. ಆ ವರ್ಷವೇ ಕೋವಿಡ್ ಕಾಡಿ ಮೈಯ ಕಸುವು ಕುಂದಿತ್ತು. ಕೋಲುಗಳ ಚೀಲ ಹೊತ್ತು ಜೊತೆಯಲ್ಲಿ ನಡೆದವರು ತಾಯಿ ಮಾಹೇಶ್ವರಿಯವರು. ಕಣದಲ್ಲಿದ್ದ 60 ಮಂದಿಯಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದರು ಅದಿತಿ. ಅಮೆರಿಕದ ನೆಲ್ಲಿ ಕೋರ್ಡಾ ಅವರ ಚೆಂಡು ಎಷ್ಟೋ ಗಜ ಮುಂದೆ ಬಿದ್ದಿರುತ್ತಿತ್ತು. ಅದಿತಿಯವರು ಹಿಂದಿನಿಂದ, ಉದ್ದನೆಯ ಕೋಲಿನಿಂದ, ಮೊದಲು ಹೊಡೆಯಬೇಕು. ಆದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸನ್ನು ಮುಟ್ಟಿದೊಡನೆ ಆಟ ತಿರುಗುತ್ತಿತ್ತು. ನೆಲದ ಏರಿಳಿತವನ್ನು ಓದಿ, ಚೆಂಡನ್ನು ಉರುಳಿಸಿ ಕುಳಿಗೆ ಇಳಿಸುವುದರಲ್ಲಿ ಅವರನ್ನು ಮೀರಿಸಿದವರು ಅಲ್ಲಿರಲಿಲ್ಲ.

ಮೂರು ದಿನ ಮುಗಿದಾಗ ಅವರದು ಎರಡನೆಯ ಸ್ಥಾನ. ಆಗಸ್ಟ್ 7ರ ಶನಿವಾರ, ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲಿಯೂ ಬೆಳಗಿನ ಕಾಫಿ ದೂರದರ್ಶನದ ಮುಂದೆಯೇ ಆರಿತು. ಕೊನೆಯ ಕುಳಿಯಲ್ಲಿ ಅದಿತಿಯವರು ಉರುಳಿಸಿದ ಚೆಂಡು ಒಳಗೆ ಬೀಳಲಿಲ್ಲ.

ಕೋರ್ಡಾ 267. ಜಪಾನಿನ ಮೊನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯ ಕೊ ತಲಾ 268. ಅದಿತಿ 269, ನಾಲ್ಕನೆಯ ಸ್ಥಾನ, ಪದಕವಿಲ್ಲ. ಆ ಒಂದು ಹೊಡೆತ ಎಲ್ಲಿ ಹೋಯಿತೆಂದರೆ ನೋಡಿದವರೆಲ್ಲ ಕೊನೆಯ ಕುಳಿಯತ್ತ ಕೈ ತೋರುತ್ತಾರೆ. ನಾಲ್ಕು ದಿನಗಳೂ ಆರಂಭದ ಹೊಡೆತದಲ್ಲಿ ಬಿಟ್ಟುಕೊಟ್ಟ ಗಜಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.