ರಟ್ಟಿನ ಪೇಟದ ಸನ್ಮಾನ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಸನ್ಮಾನವಿಲ್ಲದ ಭಾನುವಾರ ಅಪರೂಪ. ಶಾಲು, ಹಾರ, ಹಣ್ಣಿನ ಬುಟ್ಟಿ. ಜೊತೆಗೊಂದು ರೆಡಿಮೇಡ್ ಮೈಸೂರು ಪೇಟ. ರಟ್ಟಿಗೆ ಬಟ್ಟೆ ಅಂಟಿಸಿದ ಇದು ಯಾರ ತಲೆಗೂ ಕೂರದು. ಫೋಟೊ ಮುಗಿಯುವತನಕ ಸನ್ಮಾನಿತರು ಕತ್ತು ಅಲುಗಿಸುವಂತಿಲ್ಲ. ಅಳತೆಗೆ ಕಟ್ಟಿದ ಪೇಟದ ಗತ್ತು ಕಾಣಬೇಕಿದ್ದರೆ 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಭಾವಚಿತ್ರ ನೋಡಬೇಕು.

ಅಂಥ ಪೇಟಗಳು ಹಳೆಯ ಮನೆಗಳ ಟ್ರಂಕುಗಳಲ್ಲಿ ಇನ್ನೂ ಇವೆ. ನಮ್ಮ ತಾತನವರದೂ ಇದೆ, ಅವರ ಕಚ್ಚೆಪಂಚೆ, ಕೋಟಿನ ಜೊತೆಗೆ. ಅಪ್ಪಟ ಜರಿಯೆಂದರೆ ರೇಷ್ಮೆ ನೂಲಿಗೆ ಸುತ್ತಿ ಚಿನ್ನದ ಲೇಪ ಕೊಟ್ಟ ಬೆಳ್ಳಿಯೆಳೆ. ಕಪ್ಪಿಟ್ಟಿತೆಂದು ತೂಕಕ್ಕೆ ಮಾರಿದರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ, ಪೇಟ ಬೂದಿ. ವರ್ಷಗಟ್ಟಲೆ ಮಡಿಸಿಟ್ಟ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ. ಬಿಡಿಸಿ, ನೆರಳಿನಲ್ಲಿ ಗಾಳಿಯಾಡಿಸಿ, ಹತ್ತಿಬಟ್ಟೆಯೊಡನೆ ಸುರುಳಿ ಸುತ್ತಿಟ್ಟರೆ ಬಾಳುತ್ತದೆ. ಹರಿದಲ್ಲಿ ರಫೂ ಮಾಡಿಸಬಹುದು. ಆದರೆ ಕಟ್ಟಲು ಬಲ್ಲವರೇ ಇಲ್ಲವಾದರೆ ಆ ಬಟ್ಟೆ ಉಳಿದೇನು ಫಲ?

ನಮ್ಮ ಸಂಘಸಂಸ್ಥೆಗಳು ರಟ್ಟಿನ ಪೇಟ ಕೊಳ್ಳುವುದನ್ನು ಬಿಟ್ಟು, ಕಟ್ಟಬಲ್ಲ ಹಿರಿಯರೊಬ್ಬರನ್ನು ಕರೆಸಿ, ವೇದಿಕೆಯ ಮೇಲೆಯೇ ಸನ್ಮಾನಿತರ ತಲೆಗೆ ಪೇಟ ಕಟ್ಟಿಸಲಿ. ಪಕ್ಕದಲ್ಲಿ ನಾಲ್ವರು ಹುಡುಗರು ನಿಂತು ಕಲಿಯಲಿ. ಹತ್ತು ನಿಮಿಷ ಹಿಡಿದೀತು. ಅದಕ್ಕಾಗಿ ಒಂದು ಸ್ವಾಗತ ಭಾಷಣವನ್ನು ಕೈಬಿಟ್ಟರೆ ಸಭಿಕರಾರೂ ಬೇಸರಿಸಲಾರರು.