ಗುಲಾಬಿ ಮಾತ್ರೆ, ಕಿತ್ತಳೆ ಮಾತ್ರೆ

ನಾನು ದಿನಕ್ಕೆ ಎರಡು ಮಾತ್ರೆ ನುಂಗುತ್ತೇನೆ. ಬೆಳಗ್ಗೆ ಗುಲಾಬಿ ಬಣ್ಣದ್ದು, ರಾತ್ರಿ ಕಿತ್ತಳೆ ಬಣ್ಣದ್ದು. ಎರಡನ್ನೂ ಬಿಡಿಸಿ ಒಂದೇ ಡಬ್ಬಿಗೆ ಹಾಕಿಟ್ಟುಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಹೋದ ತಿಂಗಳು ಕೋಣೆಯ ಬಲ್ಬ್ ಸುಟ್ಟುಹೋಯಿತು. ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿದ್ದ ಎಲ್‌ಇಡಿ ಬಲ್ಬ್ ತಂದು ಹಾಕಿದೆ. ಹಾಲು ಚೆಲ್ಲಿದಂಥ ಬಿಳಿ ಬೆಳಕು!

ಒಂದು ರಾತ್ರಿ ಮಾತ್ರೆ ಬಾಯಿಗೆ ಹಾಕಬೇಕು, ಮೊಮ್ಮಗಳು ಕೈ ಹಿಡಿದಳು. "ಅಜ್ಜಾ, ಇದರ ಮೇಲೆ ಗೆರೆ ಇದೆ. ಇದು ಬೆಳಗಿನದು!"

ಎರಡನ್ನೂ ಅಂಗೈಯಲ್ಲಿಟ್ಟು ನೋಡಿದೆ. ಎರಡೂ ಒಂದೇ ಮಾಸಲು ಬಣ್ಣ. ನನ್ನ ಕಣ್ಣೇ ಕೆಟ್ಟಿತು ಅಂದುಕೊಂಡೆ. ಆದರೆ ಅವಳಿಗೂ ಹಾಗೇ ಕಂಡಿತ್ತು. ಬೆಳಗ್ಗೆ ಕಿಟಕಿಯ ಬಳಿ ಹಿಡಿದರೆ ಒಂದು ಗುಲಾಬಿ, ಇನ್ನೊಂದು ಕಿತ್ತಳೆ. ತಪ್ಪು ಬಲ್ಬಿನದು.

ಹಾಗೇಕೆ, ಮಕ್ಕಳೇ? ಬಿಸಿಲಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಇವೆ. ಟೊಮೆಟೊ ಅದರಲ್ಲಿನ ಕೆಂಪನ್ನು ನಮ್ಮ ಕಣ್ಣಿಗೆ ಹಿಂದಿರುಗಿಸುತ್ತದೆ. ಬೆಳಕಿನಲ್ಲೇ ಕೆಂಪು ಕಡಿಮೆ ಇದ್ದರೆ ಹಿಂದಿರುಗಿಸುವುದು ಎಲ್ಲಿಂದ? ಸಾಮಾನ್ಯ ಎಲ್‌ಇಡಿ ಬಲ್ಬಿನೊಳಗೆ ಇರುವುದು ನೀಲಿ ಬೆಳಕು ಕೊಡುವ ಚಿಪ್. ಅದರ ಮೇಲೆ ಹಳದಿ ಬೆಳಕು ಕೊಡುವ ಪುಡಿಯ ಲೇಪ. ನೀಲಿ, ಹಳದಿ ಬೆರೆತು ಬಿಳಿಯಂತೆ ಕಾಣುತ್ತದೆ. ಅಗ್ಗದ ಬಲ್ಬಿನಲ್ಲಿ ಕೆಂಪಿಗೆ ಬರ.

ಬಲ್ಬಿನ ಪೆಟ್ಟಿಗೆ ಓದುವುದನ್ನು ನಾವಿಬ್ಬರೂ ಆಮೇಲೆ ಕಲಿತೆವು. ವ್ಯಾಟ್ ಅಂದರೆ ಖರ್ಚಾಗುವ ವಿದ್ಯುತ್ತು. ಲ್ಯೂಮೆನ್ ಅಂದರೆ ಬೆಳಕಿನ ಪ್ರಮಾಣ. ಕೆಲ್ವಿನ್ ಅಂದರೆ ಬೆಳಕಿನ ಛಾಯೆ: 2700 ಹಳದಿಯತ್ತ, 6500 ನೀಲಿಯತ್ತ. ಇವು ಯಾವುವೂ ಬಣ್ಣ ಸರಿಯಾಗಿ ಕಾಣುತ್ತದೆಯೇ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಸಿಆರ್‌ಐ ಎಂಬ ಅಂಕ. ಶಾಲೆಯ ಅಂಕದಂತೆ ಇದಕ್ಕೂ 100 ಗರಿಷ್ಠ. ಹಳೆಯ ತಂತಿ ಬಲ್ಬಿಗೆ ಹೆಚ್ಚುಕಡಿಮೆ 100 ಸಿಗುತ್ತಿತ್ತು. ಆದರೆ ಅದು ಬೆಳಕಿಗಿಂತ ಬಿಸಿಯನ್ನೇ ಹೆಚ್ಚು ಕೊಡುತ್ತಿತ್ತು. ಸಾಮಾನ್ಯ ಎಲ್‌ಇಡಿಗೆ ಸುಮಾರು 80. ಅಡುಗೆಮನೆ, ಓದುವ ಮೇಜು, ಹೊಲಿಗೆ ಯಂತ್ರದ ಜಾಗಕ್ಕೆ 90 ಅಥವಾ ಹೆಚ್ಚಿರುವುದು ಒಳ್ಳೆಯದು. ಈ ಅಂಕ ಎಂಟು ತಿಳಿಬಣ್ಣಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಪೆಟ್ಟಿಗೆಯ ಮೇಲೆ ಆರ್9 ಎಂಬ ಅಂಕವೂ ಇದ್ದರೆ ಕೆಂಪಿನ ಲೆಕ್ಕ ಅಲ್ಲಿ ಸಿಗುತ್ತದೆ.

ನನ್ನ ವಾರಗೆಯವರಿಗೆ ಒಂದು ಮಾತು. ವಯಸ್ಸಾದಂತೆ ಕಣ್ಣಿನ ಮಸೂರ ತುಸು ಹಳದಿಯಾಗುತ್ತದೆ, ಬಣ್ಣಗಳ ವ್ಯತ್ಯಾಸ ಮಂಕಾಗುತ್ತದೆ. ನಮಗೇ ಒಳ್ಳೆಯ ಬೆಳಕು ಹೆಚ್ಚು ಬೇಕು.

ಮಕ್ಕಳೇ, ಇಂದು ಸಂಜೆ ಒಂದು ಚಿಟಿಕೆ ಕುಂಕುಮವನ್ನು ಬಿಳಿ ಕಾಗದದ ಮೇಲಿಟ್ಟು ಮನೆಯ ಒಂದೊಂದೇ ಬಲ್ಬಿನ ಕೆಳಗೆ ಹಿಡಿಯಿರಿ. ನಾಳೆ ಬೆಳಗ್ಗೆ ಕಿಟಕಿಯ ಬಳಿ ನೋಡಿ. ಯಾವ ಬಲ್ಬ್ ಸುಳ್ಳು ಹೇಳಿತೆಂದು ತಿಳಿಯುತ್ತದೆ.

ಈಗ ನನ್ನ ಕೋಣೆಗೆ 90 ಅಂಕದ ಬಲ್ಬ್ ಬಂದಿದೆ. ಆದರೂ ಮಾತ್ರೆಗಳನ್ನು ಇನ್ನು ಬಿಡಿಸಿಡುವುದಿಲ್ಲ. ಹೆಸರು ಓದಿಯೇ ನುಂಗುತ್ತೇನೆ. ಅದು ಮೊಮ್ಮಗಳ ಅಪ್ಪಣೆ.